ಆಯಿಯ ಪಿನ್ ಯಾರಿಗೆ ಗೊತ್ತಿರಬೇಕು?

ನಿಮ್ಮ ಅಮ್ಮನ ಯುಪಿಐ ಪಿನ್ ನಿಮಗೆ ಗೊತ್ತಾ? ಆಫೀಸಿನಲ್ಲಿ ಊಟದ ಹೊತ್ತಿಗೆ ಒಮ್ಮೆ ಈ ಪ್ರಶ್ನೆ ಕೇಳಿದೆ. ಟೇಬಲ್ಲಿನಲ್ಲಿದ್ದ ಆರು ಜನರಲ್ಲಿ ಐದು ಜನ 'ಹೂಂ' ಅಂದ್ರು. 'ನಾನೇ ಅಲ್ವಾ ಹಾಕಿಕೊಟ್ಟಿದ್ದು' ಅಂತ ಒಬ್ಬ. 'ನಾನು ಹುಟ್ಟಿದ ವರ್ಷಾನೇ ಅದು' ಅಂತ ಇನ್ನೊಬ್ಬಳು. ಸರಿ, ನಿಮ್ಮ ಪಿನ್ ನಿಮ್ಮ ಅಮ್ಮನಿಗೆ ಗೊತ್ತಾ ಅಂದೆ. ಎಲ್ಲರೂ ನಕ್ಕರು. 'ಅವರಿಗ್ಯಾಕೆ?'

ಅಮ್ಮನಿಗೆ ಯಾಕೆ ಬೇಡವೋ ಅದೇ ಕಾರಣಕ್ಕೆ ನಮಗೂ ಬೇಡ ಅಲ್ವಾ? ದುಡ್ಡು ಅವರದು, ಖಾತೆ ಅವರದು. ಆದರೂ ಒಂದು ಕಡೆ ನಗು ಬರತ್ತೆ, ಇನ್ನೊಂದು ಕಡೆ ಬರಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ಸುಮಾರು ದಿನದಿಂದ ನನ್ನ ತಲೆ ತಿನ್ನುತ್ತಿದೆ.

ನಾನು ಕುಮಟಾ ಕಡೆಯವಳು, ಕೆಲಸ ಬೆಂಗಳೂರಿನಲ್ಲಿ. ಎರಡು ವರ್ಷದಿಂದ ಊರಿನ ನಾವು ನಾಲ್ಕೈದು ಗೆಳೆಯರು ರಜೆಗೆ ಹೋದಾಗಲೆಲ್ಲ ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಹಿರಿಯರಿಗೆ ಮೊಬೈಲ್ ಪಾಠ ಮಾಡ್ತೀವಿ. ದೊಡ್ಡ ಸಂಸ್ಥೆ ಏನಲ್ಲ. ಹೆಸರಿಲ್ಲ, ಬ್ಯಾನರಿಲ್ಲ. ಒಂದು ಮನೆಯ ಜಗಲಿ, ಇಲ್ಲವೇ ಒಂದು ಶಾಲೆಯ ಕೋಣೆ, ಹತ್ತು ಹನ್ನೆರಡು ಜನ, ಚಾರ್ಜರ್ ಸಿಕ್ಕಿಸಲು ಒಂದು ಎಕ್ಸ್‌ಟೆನ್ಶನ್ ಬಾಕ್ಸ್. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಅಂತಾರೆ. ನನಗಿಂತ ನಲವತ್ತು ವರ್ಷ ದೊಡ್ಡವರು 'ಅಕ್ಕೋರೇ, ಇದು ಮತ್ತೆ ಕಪ್ಪಾಯ್ತು' ಅಂತ ಫೋನ್ ಹಿಡಿದು ಬರುವಾಗ ಸಂಕೋಚ ಆಗತ್ತೆ. ಆದರೆ ಆ ಹೆಸರು ತಮಾಷೆಗೆ ಕರೆದದ್ದಲ್ಲ, ಕಲಿಯೋಕೆ ಕೂತವರು ಕಲಿಸುವವರಿಗೆ ಕೊಡುವ ಮರ್ಯಾದೆ ಅದು.

ಮೊದಲ ಸಲ ನಾವೊಂದು ಪಟ್ಟಿ ಮಾಡಿಕೊಂಡು ಹೋಗಿದ್ದೆವು. ವಿಡಿಯೊ ಕಾಲ್, ಕರೆಂಟ್ ಬಿಲ್, ರೈಲು ಟಿಕೆಟ್, ಮಣಿಪಾಲದ ಡಾಕ್ಟರ ಅಪಾಯಿಂಟ್‌ಮೆಂಟ್, ಯೂಟ್ಯೂಬಿನಲ್ಲಿ ಯಕ್ಷಗಾನ. ಇವೆಲ್ಲ ಅವರಿಗೆ ಬೇಕಿತ್ತು, ಇಲ್ಲ ಅಂತಲ್ಲ. ಆದರೆ ಚಹಾ ಕುಡಿಯುವ ಹೊತ್ತಿಗೆ, ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದ ಪ್ರಶ್ನೆಗಳು ಬೇರೆ. 'ತಂಗೀ, ನಾ ನೋಡಿದ್ದು ಮಗಂಗೆ ಗೊತ್ತಾಗ್ತದ್ಯಾ?' ಅಂತ ಒಬ್ಬರು. ಅವರ ಫೋನಿನಲ್ಲಿದ್ದದ್ದು ಮಗನ ಜಿಮೇಲ್ ಖಾತೆ. ಸೆಟ್ ಮಾಡಿಕೊಡುವಾಗ ಬೇಗ ಆಗಲಿ ಅಂತ ಅವನದ್ದೇ ಹಾಕಿದ್ದ. ಹಾಗಾಗಿ ಇವರು ತೆಗೆದ ಫೋಟೊ ಅವನ ಫೋನಿಗೆ ಹೋಗುತ್ತಿತ್ತು, ಇವರು ನೋಡಿದ ವಿಡಿಯೊದ ಲೆಕ್ಕ ಅವನ ಖಾತೆಯಲ್ಲಿ ಉಳಿಯುತ್ತಿತ್ತು. ಅವರು ನೋಡುತ್ತಿದ್ದದ್ದೇನು ಅಂತ ನಾನು ಕೇಳಲಿಲ್ಲ. ಮಂಡಿನೋವಿನ ಔಷಧವೋ, ಹಳೇ ಸಿನಿಮಾವೋ, ಏನಾದರೂ ಆಗಿರಲಿ. ಅರವತ್ತೆಂಟು ವರ್ಷದ ಹೆಂಗಸು, ತನ್ನ ಮನೆಯಲ್ಲಿ ಕೂತು, ತಾನು ನೋಡಿದ್ದು ಯಾರಿಗೆ ಗೊತ್ತಾಗತ್ತೋ ಅಂತ ಹೆದರಬೇಕಾ?

ಹೊನ್ನಾವರದ ಮೀನು ಪೇಟೆಯಲ್ಲಿ ಕೂರುವ ಒಬ್ಬರ ಕತೆ ಇನ್ನೂ ಸ್ವಲ್ಪ ಕಷ್ಟದ್ದು. ಅವರ ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ಇದೆ, ಕನ್ನಡದಲ್ಲಿ 'ಇಷ್ಟು ರೂಪಾಯಿ ಬಂತು' ಅಂತ ಹೇಳುವ ಪೆಟ್ಟಿಗೆಯೂ ಇದೆ. ಓದು ಬರದವರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವುದಿದೆ ಅಂತ ನಾನು ಖುಷಿಯಿಂದ ಹೇಳುತ್ತಿದ್ದೆ. ಅವರು ಅಂದರು, 'ಪೆಟ್ಟಿಗೆ ನನ್ನ ಹತ್ರ ಹೇಳ್ತದೆ, ದುಡ್ಡು ಮಗನ ಖಾತೆಗೆ ಹೋಗ್ತದೆ. ಸಂಜೆ ನಾನೇ ಕೇಳ್ಬೇಕು.' ಮಗ ಕೊಡುವುದಿಲ್ಲ ಅಂತಲ್ಲ, ಕೊಡ್ತಾನೆ. ಆದರೆ ಮೊದಲು ಸೀರೆಯ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದ ದುಡ್ಡನ್ನು ಈಗ ಕೇಳಿ ಪಡೆಯಬೇಕು. ಕೆಲಸ ಬದಲಾಗಿಲ್ಲ, ಮೀನಿನ ವಾಸನೆ ಬದಲಾಗಿಲ್ಲ, ಬೆನ್ನು ನೋವೂ ಅದೇ. ದುಡಿದವರು ಕೇಳುವವರಾದರು, ಅಷ್ಟೇ ಬದಲಾಗಿದ್ದು.

ಇದನ್ನು ನಾವು 'ಸಹಾಯ' ಅಂತ ಕರೀತೀವಿ. ನನಗೆ ಇರುವ ಪ್ರಶ್ನೆ ಇಷ್ಟೇ: ವಯಸ್ಸಾದವರ ಪರವಾಗಿ ನಾವೇ ಮಾಡಿಕೊಡುವುದು ಯಾವಾಗ ಸಹಾಯ, ಯಾವಾಗ ಕಸಿದುಕೊಳ್ಳುವುದು?

ಸರ್ಕಾರಕ್ಕೂ ಈ ಪ್ರಶ್ನೆ ಸರಿಯಾಗಿ ಹೊಳೆದಂತಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿತು. ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಕುಟುಂಬಗಳಿಗೆ 20 ಗಂಟೆಗಳ ತರಬೇತಿ ಕೊಡುವ ಗುರಿ. ಒಳ್ಳೆಯ ಯೋಜನೆಯೇ. ಆದರೆ ಸೇರಲು ವಯಸ್ಸು 14ರಿಂದ 60ರ ಒಳಗೆ ಇರಬೇಕಿತ್ತು. 2024ರ ಮಾರ್ಚಿನಲ್ಲಿ ಆ ಯೋಜನೆ ಮುಗಿಯಿತು. ಈಗ ಇನ್ನೊಂದು ಬದಿ ನೋಡಿ. ಪಿಂಚಣಿ ಬರುವುದು 60ರ ಮೇಲೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ 65ರ ಮೇಲೆ. ನಿವೃತ್ತರು 'ನಾನು ಬದುಕಿದ್ದೇನೆ' ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಅದಕ್ಕೆ 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಬಂತು, ಬೆರಳಚ್ಚು ಒತ್ತಿದರೆ ಸಾಕು ಅಂದರು. 2021ರಲ್ಲಿ ಮುಖ ತೋರಿಸಿದರೂ ಸಾಕು ಅಂದರು. ಅಂದರೆ ಕಲಿಸುವುದು 60ಕ್ಕೆ ನಿಂತಿತು, ಪರೀಕ್ಷೆ 60ರ ನಂತರ ಶುರುವಾಯಿತು. ಪಕ್ಕದ ಕೇರಳ 2025ರ ಆಗಸ್ಟಿನಲ್ಲಿ ತಾನು ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಅಂತ ಘೋಷಿಸಿಕೊಂಡಿತು. ಅಲ್ಲಿ ಕಲಿತವರಲ್ಲಿ 90 ದಾಟಿದವರೂ ಇದ್ದಾರೆ. ಘೋಷಣೆಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡೋಣ. ಆದರೂ ಕಲಿಯುವ ವಯಸ್ಸಿಗೆ ಮೇಲಿನ ಗೆರೆ ಬೇಕಿಲ್ಲ ಅನ್ನುವುದಾದರೂ ಅದರಿಂದ ಗೊತ್ತಾಗತ್ತೆ.

ಸರ್ಕಾರ ಬಿಟ್ಟ ಆ ಜಾಗವನ್ನು ತುಂಬಿದವರು ಮಕ್ಕಳು. ಅಂದರೆ ನಾವು. ನಾವು ಊರಲ್ಲಿಲ್ಲ. ಹಾಗಾಗಿ ಆಗಿದ್ದೇನು ಅಂದರೆ, ಆಧಾರಿಗೆ ಜೋಡಿಸಿದ್ದು ಮಗನ ನಂಬರ್, ಬ್ಯಾಂಕಿಗೆ ಕೊಟ್ಟದ್ದು ಮಗಳ ನಂಬರ್. ಅಪ್ಪ ಭಟ್ಕಳದ ಕೌಂಟರಿನಲ್ಲಿ ನಿಂತಿರ್ತಾರೆ, ಒಟಿಪಿ ವೈಟ್‌ಫೀಲ್ಡಿನಲ್ಲಿ ಬರತ್ತೆ. 'ತಮಾ, ನಂಬರ್ ಬಂತನಾ?' ಅಂತ ಫೋನ್. ತಮ್ಮ ಮೀಟಿಂಗಿನಲ್ಲಿ. ಕಟ್ ಮಾಡ್ತಾನೆ, 'ಕಾಲ್ ಯು ಲೇಟರ್' ಅಂತ ಇಂಗ್ಲಿಷಿನಲ್ಲಿ ಮೆಸೇಜು ಹೋಗತ್ತೆ. ಒಟಿಪಿಯ ಸಮಯ ಮುಗಿಯುತ್ತೆ. ಹಿಂದೆ ನಿಂತವರು ಗೊಣಗ್ತಾರೆ. ಅಪ್ಪ ಪಕ್ಕಕ್ಕೆ ಸರಿದು ನಿಲ್ತಾರೆ. ಇದರಲ್ಲಿ ಯಾರೂ ಕೆಟ್ಟವರಿಲ್ಲ. ಆದರೆ ಆ ಪಕ್ಕಕ್ಕೆ ಸರಿದು ನಿಲ್ಲುವುದು ಇದೆಯಲ್ಲ, ಅದು ಯಾವ ಲೆಕ್ಕದಲ್ಲೂ ಬರೋದಿಲ್ಲ.

ಹಾಗಾದರೆ ಕಲಿಸಿಬಿಟ್ಟರೆ ಆಯ್ತಲ್ಲ? ಅಷ್ಟು ಸುಲಭ ಇಲ್ಲ. ಕಳೆದ ದೀಪಾವಳಿಯ ಸುಮಾರಿಗೆ ನಡೆದದ್ದು ಹೇಳ್ತೇನೆ. ಪಾಠದಲ್ಲಿ ನಮ್ಮದೊಂದು ಕ್ರಮ ಇದೆ. ಫೋನ್ ಯಾವಾಗಲೂ ಕಲಿಯುವವರ ಕೈಯಲ್ಲೇ ಇರಬೇಕು. ಎಷ್ಟೇ ಹೊತ್ತಾದರೂ ಕಸಿದುಕೊಂಡು 'ಹೀಗೆ ನೋಡಿ' ಅಂತ ತೋರಿಸುವ ಹಾಗಿಲ್ಲ. ಒಬ್ಬರಿಗೊಬ್ಬರು ಒಂದೊಂದು ರೂಪಾಯಿ ಕಳಿಸಿ ಅಭ್ಯಾಸ ಮಾಡಬೇಕು, ತಪ್ಪು ಜನಕ್ಕೆ ಹೋದರೆ ಒಂದು ರೂಪಾಯಿ ಹೋಗಲಿ. ಪಿನ್ ಒತ್ತುವಾಗ ನಾವು ಮುಖ ಆಚೆ ತಿರುಗಿಸಬೇಕು. ಒಬ್ಬ ಆಯಿಯ ಪಕ್ಕ ಕೂತು ಹಾಗೆ ತಿರುಗಿದೆ. 'ಎಂತಕ್ಕೆ ಆಚೆ ನೋಡ್ತೆ?' ಅಂತ ಕೇಳಿದರು. ಇದು ನಿಮ್ಮದು, ನಾನು ನೋಡಬಾರದು ಅಂದೆ. 'ಮಗ ನೋಡ್ತ್ನಲೆ' ಅಂದರು. ನಾನೇನೂ ಹೇಳಲಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಪಿನ್ ಬದಲಿಸೋದು ಹೇಗೆ ಅಂತ ಕೇಳಿದರು. ತೋರಿಸಿದೆ.

ಎರಡು ದಿನ ಬಿಟ್ಟು ಮಗ ಫೋನ್ ಮಾಡಿದ. ಬೆಂಗಳೂರಿನಲ್ಲೇ ಇರೋದು, ನನ್ನದೇ ವಯಸ್ಸು. ಸಿಟ್ಟಾಗಿದ್ದ, ಆದರೆ ಮಾತು ಅಳತೆ ಮೀರಲಿಲ್ಲ. ಅವನು ಹೇಳಿದ್ದನ್ನು ಅನ್ಯಾಯ ಮಾಡದೆ ಇಲ್ಲಿ ಬರೀತೇನೆ. 'ನೋಡು, ಆಯಿಗೆ ಬಿಪಿ ಇದೆ. ರಾತ್ರಿ ಏನಾದರೂ ಆದರೆ ಮಣಿಪಾಲಕ್ಕೇ ಹೋಗಬೇಕು, ನೂರು ಕಿಲೋಮೀಟರಿಗಿಂತ ಹೆಚ್ಚು. ಆಂಬುಲೆನ್ಸಿಗೆ ದುಡ್ಡು ಯಾರು ಹಾಕ್ತಾರೆ? ಇನ್ನೊಂದು, ಆ ಡಿಜಿಟಲ್ ಅರೆಸ್ಟಿನವರು ಫೋನ್ ಮಾಡಿದರೆ ಅವಳು ಇದ್ದದ್ದನ್ನೆಲ್ಲ ಕೊಟ್ಟುಬಿಡ್ತಾಳೆ. ನೀನು ವಾರಕ್ಕೆ ಒಂದು ಗಂಟೆ ಸ್ವಾತಂತ್ರ್ಯದ ಪಾಠ ಮಾಡಿ ಹೋಗ್ತೀಯ. ಏನಾದರೂ ಆದರೆ ಓಡಿಬರೋನು ನಾನು.'

ಎರಡೂ ಮಾತು ಸುಳ್ಳಲ್ಲ. ಒಂದೊಂದಾಗಿ ತಗೊಳ್ತೇನೆ.

ಮೊದಲು ಮೋಸದ ವಿಷಯ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಡಿಜಿಟಲ್ ಅರೆಸ್ಟ್ ಬಗ್ಗೆ ಮಾತಾಡಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಕೇಳಿಸಿದ ಸಂಭಾಷಣೆ ನಮ್ಮ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಕರೆಯದ್ದು. ಆ ಮೋಸ ಹೇಗೆ ನಡೆಯುತ್ತೆ ಅನ್ನೋದನ್ನು ಗಮನಿಸಿ. ಪೊಲೀಸರೋ ಸಿಬಿಐಯವರೋ ಅಂತ ಫೋನ್ ಬರತ್ತೆ. ನಿಮ್ಮ ಹೆಸರಲ್ಲಿ ಏನೋ ಅಪರಾಧ ನಡೆದಿದೆ, ವಿಡಿಯೊ ಕಾಲ್ ಕಟ್ ಮಾಡಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ ಅಂತಾರೆ. ಇಡೀ ವ್ಯವಹಾರ ನಿಂತಿರೋದು ಆ ಕೊನೆಯ ಮಾತಿನ ಮೇಲೆ. ಯಾರಿಗಾದರೂ ಒಬ್ಬರಿಗೆ ಹೇಳಿದರೆ ಸಾಕು, ಮೋಸ ಅಲ್ಲಿಗೇ ಮುರಿದು ಬೀಳತ್ತೆ. ಹಾಗಾದರೆ ಯಾಕೆ ಹೇಳಲ್ಲ? ಪಾಠದಲ್ಲಿ ಕೇಳಿದ್ದೆ. ಬಂದ ಉತ್ತರ ಹೆಚ್ಚುಕಮ್ಮಿ ಒಂದೇ: 'ಹೇಳಿದ್ರೆ ಮಕ್ಕಳು ಬೈತ್ರು. ಫೋನು ಕಸ್ಕಂಬ್ರು.' ಇದನ್ನು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟ ಆಯ್ತು. 'ನಿಂಗೆ ಗೊತ್ತಾಗಲ್ಲ, ಮುಟ್ಟಬೇಡ' ಅಂತ ನಾವು ಬೈದ ಪ್ರತಿ ಸಲವೂ, ಮೋಸಗಾರ ಹೇಳುವ 'ಯಾರಿಗೂ ಹೇಳಬೇಡ' ಅನ್ನುವ ಮಾತಿಗೆ ಬಲ ಕೊಡ್ತಾ ಇರ್ತೀವಿ. ಪಿನ್ ನಮ್ಮ ಹತ್ತಿರ ಇದ್ದರೆ ಅವರು ಸುರಕ್ಷಿತ ಅಂದುಕೊಳ್ತೀವಿ. ಆದರೆ ಪಿನ್ ಅವರಿಗೂ ಗೊತ್ತಿರತ್ತಲ್ಲ, ದುಡ್ಡು ಹೋಗುವ ಬಾಗಿಲು ಮುಚ್ಚಿರೋದಿಲ್ಲ. ಅವರನ್ನು ಕಾಪಾಡೋದು ತಪ್ಪಾದಾಗ ನಾಚಿಕೆ ಇಲ್ಲದೆ ನಮಗೋ, 1930ಕ್ಕೋ ಫೋನ್ ಮಾಡುವ ಧೈರ್ಯ. ಆ ಧೈರ್ಯ ಬೈಸಿಕೊಂಡವರಿಗೆ ಬರಲ್ಲ.

ಎರಡನೆಯದು ರಾತ್ರಿ ಆಂಬುಲೆನ್ಸಿನ ಮಾತು. ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಯೋಚಿಸಿದಾಗ ನೆನಪಾದದ್ದು ನಮ್ಮೂರಿನ ಬೀಗದ ಕೈ. ಊರಿಗೆ ಹೋಗುವಾಗ ಮನೆಯ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗ್ತಾರೆ. ಬೆಂಕಿ ಬಿದ್ದರೆ, ಮರ ಬಿದ್ದರೆ, ಅವರು ಒಳಗೆ ಹೋಗಬಹುದು. ಆದರೆ ಪಕ್ಕದ ಮನೆಯವರು 'ನಿಮಗೆ ವಯಸ್ಸಾಯ್ತು, ಬೀಗದ ಕೈ ನಮ್ಮ ಹತ್ತಿರ ಇರಲಿ' ಅಂತ ತಾವೇ ತೆಗೆದುಕೊಂಡು ಹೋದರೆ? ಕೈ ಅದೇ, ಮನೆ ಅದೇ, ಉದ್ದೇಶವೂ ಒಳ್ಳೆಯದೇ ಇರಬಹುದು. ಆದರೂ ಒಂದು ನಂಬಿಕೆ, ಇನ್ನೊಂದು ಆಕ್ರಮಣ. ಕೊಟ್ಟವರು ಯಾರು ಅನ್ನೋದರ ಮೇಲೆ ಎಲ್ಲ ನಿಂತಿದೆ.

ಕೊಡೋದಕ್ಕೆ ದಾರಿಗಳೂ ಇವೆ. ಜಂಟಿ ಖಾತೆ ಇದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಅನ್ನುವ ವ್ಯವಸ್ಥೆ ಇದೆ. ಅದರಲ್ಲಿ ಒಬ್ಬರು ಮುಖ್ಯ ಬಳಕೆದಾರರು, ಅವರ ಖಾತೆಯಿಂದ ಇನ್ನೊಬ್ಬರು ಒಂದು ಮಿತಿಯೊಳಗೆ, ತಿಂಗಳಿಗೆ 15,000 ರೂಪಾಯಿವರೆಗೆ, ಖರ್ಚು ಮಾಡಬಹುದು. ಇದನ್ನು ಕೇಳಿದ ಕೂಡಲೇ ನಮ್ಮ ತಲೆಗೆ ಬರೋದು ಮಗ ಮುಖ್ಯ, ಅಮ್ಮ ಎರಡನೆಯವಳು ಅಂತ. ತಿರುಗಿಸಿ ನೋಡಿ. ಅಮ್ಮ ಮುಖ್ಯ ಬಳಕೆದಾರಳು, ಮಗ ಎರಡನೆಯವನು. ಆಂಬುಲೆನ್ಸಿಗೆ ಅವನು ಬೆಂಗಳೂರಿನಿಂದಲೇ ದುಡ್ಡು ಹಾಕಬಹುದು, ಹಾಕಿದ್ದು ಅಮ್ಮನಿಗೆ ಗೊತ್ತಾಗತ್ತೆ, ಬೇಡ ಅನ್ನಿಸಿದರೆ ಅಮ್ಮ ಅದನ್ನು ನಿಲ್ಲಿಸಬಹುದು. ತಂತ್ರಜ್ಞಾನ ಎರಡೂ ದಿಕ್ಕಿಗೆ ಕೆಲಸ ಮಾಡತ್ತೆ. ದಿಕ್ಕು ಆರಿಸಿದ್ದು ನಾವು.

ಇಷ್ಟು ಹೇಳಿದ ಮೇಲೆ ನಾನೇ ನನ್ನ ಪಾಠದ ವಿರುದ್ಧವೂ ಒಂದು ಮಾತು ಹೇಳಬೇಕು. ಕಲಿಸಿದರೆ ಎಲ್ಲ ಸರಿಹೋಗತ್ತೆ ಅನ್ನುವ ಉತ್ಸಾಹದಲ್ಲಿ ಒಂದು ಅಪಾಯ ಇದೆ. 'ಎಲ್ಲರಿಗೂ ಕಲಿಸಿ ಆಗಿದೆ, ಇನ್ನು ಕೌಂಟರ್ ಯಾಕೆ?' ಅನ್ನೋದು ಅದರ ಮುಂದಿನ ಹೆಜ್ಜೆ. ಕುಮಟಾದಲ್ಲಿ ಒಬ್ಬ ಅಜ್ಜ ಮೊದಲ ದಿನ ಬಂದು, ಕೊನೆಯ ಸಾಲಿನಲ್ಲಿ ಕೂತು ಎಲ್ಲ ನೋಡಿ, ಹೊರಡುವಾಗ ಅಂದರು, 'ಚೊಲೋ ಇದ್ದು ತಂಗಿ. ಆದ್ರೆ ನಂಗೆ ಬ್ಯಾಡ.' ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅಡಿಕೆ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಮನುಷ್ಯ. ಉಳಿದ ವರ್ಷಗಳನ್ನು ಈ ಕಲಿಕೆಗೆ ಖರ್ಚು ಮಾಡೋದಿಲ್ಲ ಅಂತ ಯೋಚಿಸಿ ನಿರ್ಧಾರ ಮಾಡಿದ್ದರು. ಅವರ ನಿರ್ಧಾರಕ್ಕೆ ಶಿಕ್ಷೆ ಯಾಕೆ ಆಗಬೇಕು?

ಕರಾವಳಿಯವರಿಗೆ ಪಿಗ್ಮಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕ್ ಅನ್ನೋದು ಆ ಕಾಲದ ಹೊಸ ತಂತ್ರಜ್ಞಾನವೇ. ಆದರೆ ಅದನ್ನು ಬಳಸೋಕೆ ನೇಕಾರನಾಗಲಿ ಮೀನು ಮಾರುವವಳಾಗಲಿ ಮೊದಲು ಫಾರಂ ತುಂಬುವ ತರಗತಿಗೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಬ್ಯಾಂಕೇ ಬಗ್ಗಿ ಬಾಗಿಲೊಳಗೆ ಬಂತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಅನ್ನುವ ಶಬ್ದ ನಮ್ಮ ಪೇಟೆಗಳಲ್ಲಿ ಇನ್ನೂ ಬದುಕಿದೆ. ಬಗ್ಗಬೇಕಾದದ್ದು ವ್ಯವಸ್ಥೆ ಅನ್ನೋದು ಈಗಲೂ ಕಾಗದದ ಮೇಲಿದೆ. 70 ದಾಟಿದವರಿಗೆ ಮೂಲ ಸೇವೆಗಳನ್ನು ಮನೆ ಬಾಗಿಲಿಗೇ ಕೊಡಿ ಅಂತ ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದೆ ಕೆವೈಸಿಯಿಂದ ಹೊರಗುಳಿದ ಆಸಿಡ್ ದಾಳಿ ಸಂತ್ರಸ್ತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ನೀವು ಮೊದಲು ಕಣ್ಣು ಮಿಟುಕಿಸೋದು ಕಲೀರಿ ಅಂತ ಹೇಳಲಿಲ್ಲ, ವ್ಯವಸ್ಥೆಯನ್ನು ಬದಲಿಸಿ ಅಂತ ಹೇಳಿತು.

ಹಾಗಾಗಿ ನನ್ನ ಮಟ್ಟಿಗೆ ಬಂದು ನಿಂತಿರುವ ಜಾಗ ಇದು: ಕಲಿಸುವುದು ನಮ್ಮ ಕರ್ತವ್ಯ. ಕಲಿಯುವುದು ಅವರ ಹಕ್ಕು, ಕರ್ತವ್ಯ ಅಲ್ಲ.

ಮತ್ತೆ, ಯಾಕೆ ಕಲಿಸ್ತೀವಿ ಅನ್ನೋದನ್ನೂ ನೋಡಿಕೊಳ್ಳಬೇಕು. ವಿಡಿಯೊ ಕಾಲ್ ಕಲಿಸಿದರೆ ಊರಿಗೆ ಹೋಗುವುದನ್ನು ಒಂದು ತಿಂಗಳು ಮುಂದೂಡಬಹುದು. ಬಿಲ್ ಕಟ್ಟೋದು ಕಲಿಸಿದರೆ ನಮಗೊಂದು ಕೆಲಸ ಕಡಿಮೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಅದು ನಮ್ಮ ಅನುಕೂಲ ಅಂತ ನಮಗೆ ಗೊತ್ತಿರಲಿ. ಅವರ ಅನುಕೂಲ ಎಲ್ಲಿದೆ ಅಂತ ನನಗೆ ತೋರಿಸಿದವರು ಭಟ್ಕಳದ ಒಬ್ಬ ಅಜ್ಜಿ. ಮಕ್ಕಳೆಲ್ಲ ಗಲ್ಫಿನಲ್ಲಿ. ಮೊದಲು ಗಂಡನ ಕಾಗದ ಬಂದಾಗ ಓದಿ ಹೇಳೋಕೆ ಯಾರಾದರೂ ಬೇಕಿತ್ತಂತೆ. ಓದುವವರ ಜೊತೆ ಮನೆಮಂದಿಯೆಲ್ಲ ಕೂತು ಕೇಳುತ್ತಿದ್ದರಂತೆ. ಈಗ ಮಗ ನವಾಯತಿಯಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾನೆ, ಅವರೂ ನವಾಯತಿಯಲ್ಲೇ ಮಾತಾಡಿ ಕಳಿಸ್ತಾರೆ. ಅಕ್ಷರ ಬೇಡ, ಕೀಬೋರ್ಡ್ ಬೇಡ. 'ಈಗ ಬಾಗಿಲು ಹಾಕ್ಕೊಂಡು ನಾನೊಬ್ಳೇ ಕೇಳ್ತೇನೆ ಮಗಾ' ಅಂದರು. ಬಾಗಿಲು ಹಾಕಿಕೊಳ್ಳುವುದು ಎಂಥ ದೊಡ್ಡ ವಿಷಯ ಅಂತ ಅವರ ಮುಖ ನೋಡಿ ಗೊತ್ತಾಯ್ತು.

ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಮರೆವು ನಿಜಕ್ಕೂ ಶುರುವಾದರೆ? ಒಂದೇ ಬಿಲ್ಲನ್ನು ಮೂರು ಸಲ ಕಟ್ಟುವ ದಿನ ಬಂದರೆ? ಆಗ ನಾವು ಕೈ ಹಾಕಲೇಬೇಕು, ಹಾಕದೆ ಇರುವುದೇ ತಪ್ಪು. ಆದರೆ ನಿಧಾನ ಬೇರೆ, ಆಗದೇ ಇರುವುದು ಬೇರೆ. ಬೆರಳು ನಡುಗುವುದನ್ನು ಬುದ್ಧಿ ನಡುಗಿದಂತೆ ಓದಿಕೊಂಡು, ಆಗದ ದಿನ ಬರುವ ಹತ್ತು ವರ್ಷ ಮೊದಲೇ ನಾವು ಬೀಗದ ಕೈ ತೆಗೆದುಕೊಂಡುಬಿಡ್ತೀವಿ. ಆ ದಿನಕ್ಕೆ ಏನು ಮಾಡಬೇಕು, ಯಾರ ಕೈಗೆ ಕೊಡಬೇಕು ಅಂತ ಅವರು ಗಟ್ಟಿಯಾಗಿ ಮಾತಾಡುವ ಈಗಲೇ ಅವರನ್ನು ಕೇಳಬಹುದು.

ಆ ಸಿಟ್ಟಾದ ಮಗ ಕೊನೆಗೆ ಕೇಳಿದ ಅಂತ ಆಮೇಲೆ ಗೊತ್ತಾಯ್ತು. ಆಯಿ ಹೇಳಿದ್ದಕ್ಕೆ ಅವನಿಗೆ ಸ್ವಲ್ಪ ಬೇಜಾರೂ ಆಯ್ತಂತೆ. ಪಿನ್ ಬರೆದ ಚೀಟಿಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಹೊನ್ನಾವರದಲ್ಲಿರುವ ತನ್ನ ತಂಗಿಯ ಹತ್ತಿರ ಕೊಟ್ಟಿದ್ದಾರೆ. 'ನಂಗೆ ಎಂತಾದ್ರೂ ಆದ್ರೆ ಅವ್ಳು ಒಡೀತಾಳೆ, ನಿಂಗೆ ಹೇಳ್ತಾಳೆ' ಅಂದರಂತೆ. ಮಗನಿಗಲ್ಲದೆ ತಂಗಿಗೆ ಯಾಕೆ ಅಂತ ಅವನು ಕೇಳಿದ್ದಕ್ಕೆ, 'ಅವ್ಳು ಹತ್ರ ಇದ್ದು' ಅಂತಷ್ಟೇ ಉತ್ತರ.